ಮೆಲಾನಿಯಾ ಜಖಾರಿವ್ನಾಳ ಕೈಗುಣ

ಕೀವ್ ನಗರದ ಎಡದಂಡೆಯಲ್ಲಿ, ಹಿಂದೆ ಸರಕಾರದ ಸಂಶೋಧನಾಲಯವಾಗಿದ್ದು ಆಮೇಲೆ ಖಾಸಗಿ ಕಂಪನಿಯೊಂದಕ್ಕೆ ಬಾಡಿಗೆಗೆ ಹೋದ ಕಟ್ಟಡದ ಮೂರನೇ ಮಹಡಿಯಲ್ಲಿ, ಮೆಲಾನಿಯಾ ಜಖಾರಿವ್ನಾ ಎಂದರೆ ಕೈಗುಣಕ್ಕೆ ಇನ್ನೊಂದು ಹೆಸರು. ಬೇರೆಯವರ ಫ್ಲಾಸ್ಕಿನಲ್ಲಿ ಕಪ್ಪು ಡಾಂಬರಾಗುವ ಮಿಶ್ರಣ ಅವಳ ಫ್ಲಾಸ್ಕಿನಲ್ಲಿ ಬಿಳಿ ಹರಳಾಗುತ್ತದೆ ಎಂಬ ಮಾತಿತ್ತು. ಹೊಸದಾಗಿ ಸೇರಿದವರು ಕಷ್ಟದ ಕೆಲಸಕ್ಕೆ ಕೈಹಾಕುವ ಮೊದಲು, "ಒಂದು ಸಲ ಮುಟ್ಟಿಕೊಡಿ" ಎಂದು ಫ್ಲಾಸ್ಕನ್ನು ಅವಳ ಮುಂದೆ ಹಿಡಿಯುತ್ತಿದ್ದರು. ಅವಳು "ಇದೆಲ್ಲ ಮೂಢನಂಬಿಕೆ" ಎಂದು ಬೈಯುತ್ತಲೇ ಮುಟ್ಟಿಕೊಡುತ್ತಿದ್ದಳು. ವಯಸ್ಸು ಐವತ್ತೈದರ ಆಸುಪಾಸು, ದುಂಡನೆಯ ಮೈ, ಡಾಕ್ಟರೇಟ್ ಇತ್ತು. ನದಿಯಾಚೆ ಒಂದು ತುಂಡು ತೋಟ, ಅದರಲ್ಲಿ ಸೌತೆಬಳ್ಳಿ, ಮನೆಯಲ್ಲಿ ನಿವೃತ್ತ ಟ್ರಾಲಿಬಸ್ ಚಾಲಕನಾದ ಗಂಡ ಪನಾಸ್. ಯುದ್ಧಕ್ಕೆ ಮುಂಚಿನ ವರ್ಷಗಳ ಮಾತು ಇದು.

ಕಂಪನಿ ಮಾರುತ್ತಿದ್ದದ್ದು ಇನ್ನೂ ಹುಟ್ಟದ ಪದಾರ್ಥಗಳನ್ನು. ಉಗ್ರಾಣದಲ್ಲಿ ಸಾವಿರಾರು ಸಣ್ಣ ಶೀಶೆಗಳಿದ್ದವು. ಈ ಶೀಶೆಯ ಆಮ್ಲವನ್ನು ಆ ಶೀಶೆಯ ಅಮೈನ್ ಎಂಬ ಕ್ಷಾರಕ್ಕೆ ಗಂಟು ಹಾಕಿದರೆ ಎಂಥ ಅಣು ಹುಟ್ಟೀತು ಎಂದು ಕೂತಲ್ಲೇ ಕೂಡಿಸಿ, ಹಾಗೆ ಹುಟ್ಟಬಹುದಾದ ಲಕ್ಷಾಂತರ ಅಣುಗಳ ಪಟ್ಟಿ ಮಾಡಿ, ಜಗತ್ತಿನ ಔಷಧ ಕಂಪನಿಗಳಿಗೆ ಕಳಿಸುತ್ತಿದ್ದರು. ಆ ಪಟ್ಟಿಗೆ ಗ್ರಂಥಾಲಯ ಎಂದು ಹೆಸರು; ಅದರಲ್ಲಿ ಒಂದು ಪುಸ್ತಕವನ್ನೂ ಇನ್ನೂ ಯಾರೂ ಬರೆದಿರಲಿಲ್ಲ ಅಷ್ಟೆ. ಗಿರಾಕಿ ತನಗೆ ಬೇಕಾದುದಕ್ಕೆ ಗುರುತು ಹಾಕಿದ ಮೇಲೆಯೇ ಮೂರನೇ ಮಹಡಿಯವರು ಅದನ್ನು ಮಾಡಲು ಕೂರುವುದು. ಆದರೆ ಗಂಟು ಹಾಕಿದ ಜೋಡಿಗಳೆಲ್ಲ ಕೂಡಿ ಬಾಳುವುದಿಲ್ಲ. ಯಾವುದು ಕೂಡುತ್ತದೆ, ಯಾವುದು ಡಾಂಬರಾಗುತ್ತದೆ ಎಂದು ಮೊದಲೇ ತಿಳಿದವರಷ್ಟೇ ಈ ವ್ಯಾಪಾರದಲ್ಲಿ ಉಳಿಯುವುದು.

ಮೆಲಾನಿಯಾಳ ಕೈಗುಣದ ಹಿಂದೆ ಗುಟ್ಟೇನೂ ಇರಲಿಲ್ಲ. ಅವಳು ಮೊದಲು ಪ್ರಯೋಗ ಮಾಡುತ್ತಿದ್ದಳು. ಒಂದು ಹನಿಯನ್ನು ಪರೀಕ್ಷೆಯ ಬಿಳಿ ಪಟ್ಟಿಯ ಮೇಲೆ ಓಡಿಸಿ ನೀಲಿ ದೀಪದ ಕೆಳಗೆ ಹಿಡಿಯುತ್ತಿದ್ದಳು. ಚುಕ್ಕೆ ಇರಬೇಕಾದ ಕಡೆ ಇದ್ದರೆ ಕಂಪ್ಯೂಟರಿನ ಮುಂದೆ ಕೂತು, ಹೊಸ ಪುಟ ತೆರೆದು, ತಾರೀಖು ಹಾಕಿ, ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ಇಲ್ಲದಿದ್ದರೆ ಫ್ಲಾಸ್ಕಿನಲ್ಲಿದ್ದದ್ದು ನೇರವಾಗಿ ಕೊಳಕು ದ್ರಾವಕದ ಕ್ಯಾನಿಗೆ. ಅಲ್ಲಿಗೆ ಆ ಪ್ರಯೋಗ ನಡೆದೇ ಇರಲಿಲ್ಲ ಎಂದಾಯಿತು. ಇದು ಸುಳ್ಳು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ತಳ ಹಿಡಿದ ಗಂಜಿಯನ್ನು ಯಾರಾದರೂ ಬಂದವರಿಗೆ ಬಡಿಸುತ್ತಾರೆಯೇ? ಮಹಡಿಯವರೆಲ್ಲ ಹೀಗೇ ಮಾಡುತ್ತಿದ್ದರು. ಬೋನಸ್ ಸಿಗುತ್ತಿದ್ದದ್ದು ಗೆದ್ದ ಪ್ರಯೋಗಗಳಿಗೆ ತಾನೇ. ಮೆಲಾನಿಯಾ ಎಲ್ಲದರಲ್ಲೂ ಶಿಸ್ತಿನವಳಾದ್ದರಿಂದ ಇದನ್ನೂ ಶಿಸ್ತಾಗಿ ಮಾಡುತ್ತಿದ್ದಳು. ಹೀಗಾಗಿ ಮೂರನೇ ಮಹಡಿಯ ಹದಿನೈದು ವರ್ಷದ ದಾಖಲೆಗಳು ಸಂತರ ಚರಿತ್ರೆಯಂತೆ ಓದಿಸಿಕೊಳ್ಳುತ್ತಿದ್ದವು. ಎಲ್ಲಿ ನೋಡಿದರೂ ಪವಾಡವೇ.

ಈ ಪವಾಡಗಳನ್ನು ಮೊದಲ ಸಲ ಪೂರ್ತಿ ಓದಿದವನು ಸೆವೆರಿನ್. ಲ್ವೀವ್ ಕಡೆಯ ಗಣಿತದ ಮನುಷ್ಯ, ನಲವತ್ತಕ್ಕೆ ಹತ್ತಿರ, ಮಾತು ಕಡಿಮೆ. ಹಳೆಯ ಪ್ರಯೋಗಗಳನ್ನೆಲ್ಲ ಒಂದು ಪ್ರೋಗ್ರಾಮಿಗೆ ಉಣಿಸಿ, ಮುಂದೆ ಯಾವ ಜೋಡಿ ಕೂಡುತ್ತದೆ ಎಂದು ಅದರ ಬಾಯಿಂದ ಹೇಳಿಸಬೇಕೆಂದು ಅವನನ್ನು ಕರೆಸಿದ್ದರು. ಚಳಿಗಾಲವೆಲ್ಲ ಉಣಿಸಿದ. ವಸಂತದಲ್ಲಿ ಸಭೆ ಸೇರಿತು.

ನಿರ್ದೇಶಕ ವಲೇರಿಯನ್ ಮಾರ್ಕಿಯಾನೊವಿಚ್ ರಸಾಯನಶಾಸ್ತ್ರವನ್ನು ಓದಿ, ಅದರ ಕೈಯಿಂದ ಬೇಗನೆ ತಪ್ಪಿಸಿಕೊಂಡು ಮೇಲೆ ಬಂದವರು. ಅವರಿಗೆ ನಕ್ಷೆಯಲ್ಲಿ ಏರುವ ಗೆರೆಗಳೆಂದರೆ ಪ್ರೀತಿ. ಎಷ್ಟು ಜೋಡಿ ಕೂಡುತ್ತವೆ ಎಂದು ಸೆವೆರಿನ್ ತೋರಿಸಿದ ಗೆರೆ ಏರಿದ್ದಷ್ಟೇ ಅಲ್ಲ, ಹಾಳೆಯ ಅಂಚಿಗೆ ತಲೆ ತಾಗಿಸಿಕೊಂಡು ನಿಂತಿತ್ತು.

"ನಂಗೊಂದು ಅನುಮಾನ ಇದೆ," ಎಂದ ಸೆವೆರಿನ್. "ಈ ದಾಖಲೆ ಪ್ರಕಾರ ಇಲ್ಲಿ ಸೋತಿರೋದೇ ಅಪರೂಪ. ಅವೂ ಕರೆಂಟ್ ಹೋದ ದಿನದವು. ಹೀಗಿರೋಕೆ ಸಾಧ್ಯಾನಾ?"

"ಇದನ್ನೇ ಗುಣಮಟ್ಟ ಅನ್ನೋದು," ಎಂದರು ನಿರ್ದೇಶಕರು.

"ಇನ್ನೊಂದು ವಿಷಯ. ಪ್ರೋಗ್ರಾಮು ಏನನ್ನ ನೋಡಿ ಆಗುತ್ತೆ ಅಂತ ಹೇಳ್ತಿದೆ ಅಂತ ಕೆದಕಿ ನೋಡಿದೆ. ಬಿಸಿ ಎಷ್ಟು ಅಂತ ಅಲ್ಲ, ದ್ರಾವಕ ಯಾವುದು ಅಂತಾನೂ ಅಲ್ಲ. ಅದು ಹೆಚ್ಚು ನಂಬ್ಕೊಂಡಿರೋದು ಮಾಡಿದವರ ಹೆಸರನ್ನ. ಅದರಲ್ಲೂ ಒಂದೇ ಹೆಸರನ್ನ."

ಎಲ್ಲರೂ ಮೆಲಾನಿಯಾಳ ಕಡೆ ತಿರುಗಿದರು. ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು. ಅವಳ ಪಕ್ಕದ ಹುಡ್‌ನಲ್ಲಿ, ಅಂದರೆ ಹೊಗೆ ಹೀರುವ ಗಾಜಿನ ಗೂಡಿನಲ್ಲಿ, ಕೆಲಸ ಮಾಡುವ ಉಸ್ತಿಮ್ ಲೆವ್ಕೋವಿಚ್, ಯಾವ ಸಭೆಯಲ್ಲೂ ಅರ್ಧ ನಿದ್ದೆಯಲ್ಲಿರುವ ಮನುಷ್ಯ, ಎದ್ದು ಕೂತ. "ನಾನು ಹೇಳ್ತಾನೇ ಇರ್ಲಿಲ್ವಾ. ಕೈಗುಣ ಅಂತ. ಈಗ ಗಣಿತಾನೂ ಒಪ್ಕೊಳ್ತು ನೋಡಿ."

"ಹಾಗಾದ್ರೆ ಎಲ್ಲವನ್ನೂ ಮೆಲಾನಿಯಾ ಜಖಾರಿವ್ನಾನೇ ಮಾಡ್ತಾರೆ ಅಂತ ಲೆಕ್ಕ ಹಾಕಿ," ಎಂದರು ನಿರ್ದೇಶಕರು. "ಗ್ರಂಥಾಲಯ ಎಷ್ಟಾಗುತ್ತೆ?"

ಸೆವೆರಿನ್ ಸ್ವಲ್ಪ ಹೊತ್ತು ಕೀಲಿ ಒತ್ತಿದ. "ನಲವತ್ತು ಕೋಟಿ."

"ಹಾಕಿ."

ಒಬ್ಬಳ ಎರಡು ಕೈಗೆ ನಲವತ್ತು ಕೋಟಿ ಅಣುಗಳೆಂದರೆ ಎಷ್ಟು ಜನ್ಮ ಎತ್ತಬೇಕು ಎಂದು ಯಾರೂ ಕೇಳಲಿಲ್ಲ. ಮೆಲಾನಿಯಾ ಕೂಡ ಕೇಳಲಿಲ್ಲ. ಹೊಗಳಿಕೆಯ ಮುಂದೆ ಗುಣಾಕಾರ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಪನಾಸ್ ಬೋರ್ಶ್ ಸಾರಿಗೆ ಬೆಳ್ಳುಳ್ಳಿ ಜಜ್ಜುತ್ತಿದ್ದವನು ಕೈ ನಿಲ್ಲಿಸಿದ. "ಸಂಬಳ ಜಾಸ್ತಿ ಮಾಡಿದ್ರಾ, ಮೆಲಾಸ್ಯಾ?"

"ಇಲ್ಲ. ಗೌರವ ಜಾಸ್ತಿ ಆಯ್ತು."

"ಹಾಗಾದ್ರೆ ಕೆಲಸ ಜಾಸ್ತಿ ಆಗುತ್ತೆ," ಎಂದು ಅವನು ಮತ್ತೆ ಜಜ್ಜತೊಡಗಿದ.

ಅವನ ಮಾತು ಬೇಸಿಗೆಯೊಳಗೇ ನಿಜವಾಯಿತು. ನಲವತ್ತು ಕೋಟಿಯ ಸುದ್ದಿ ಬಾಸೆಲ್ಲಿಗೂ ಬಾಸ್ಟನ್ನಿಗೂ ಮುಟ್ಟಿ, ಕೇಳಿದ್ದೆಲ್ಲ ಸಿಗುತ್ತದಂತೆ ಎಂದು ಗಿರಾಕಿಗಳು ಹಿಂದೆ ಕೇಳಲು ಹೆದರುತ್ತಿದ್ದದ್ದನ್ನೆಲ್ಲ ಕೇಳಿದರು. ಮೈತುಂಬ ಕೊಂಬೆಗಳಿದ್ದು ಹತ್ತಿರ ಯಾರನ್ನೂ ಬಿಟ್ಟುಕೊಳ್ಳದ ಅಮೈನುಗಳು, ನೀರು ಕಂಡರೆ ಕರಗಿಹೋಗುವ ಆಮ್ಲಗಳು, ವೇಗವರ್ಧಕವನ್ನು ವಿಷವಿಟ್ಟು ಕೊಲ್ಲುವ ಗಂಧಕದ ಸಂಯುಕ್ತಗಳು ಎಲ್ಲ ಬಂದವು. ಪ್ರೋಗ್ರಾಮು ಯಾವುದನ್ನೂ ಬೇಡ ಎನ್ನಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ತೊಂಬತ್ತರ ಮೇಲಿನ ಅಂಕ, ಅದರ ಪಕ್ಕದಲ್ಲಿ ಮೆಲಾನಿಯಾಳ ಹೆಸರು.

ಮೊದಲ ವಾರದ ಫ್ಲಾಸ್ಕುಗಳೆಲ್ಲ ಕಪ್ಪಾದವು. ಅವಳು ಅಭ್ಯಾಸದಂತೆ ಕ್ಯಾನಿಗೆ ಸುರಿದಳು. ಆದರೆ ಈಗ ಸುರಿದರೆ ಮುಗಿಯುತ್ತಿರಲಿಲ್ಲ. ಪ್ರತಿ ಜೋಡಿಯ ಲೆಕ್ಕವನ್ನು ಪ್ರೋಗ್ರಾಮು ಕೇಳುತ್ತಿತ್ತು. ಆಗಲಿಲ್ಲ ಎಂದು ಒತ್ತಿದರೆ ಪರದೆಯ ಮೇಲೆ 'ಮಾಡಿದವರ ತಪ್ಪಿರಬಹುದು, ಮತ್ತೊಮ್ಮೆ ಮಾಡಿ' ಎಂದು ಬರುತ್ತಿತ್ತು. ಮತ್ತೊಮ್ಮೆ ಮಾಡಿದಳು. ಮತ್ತೆ ಡಾಂಬರು. ನಿರ್ದೇಶಕರು ಕೆಳಗಿನ ಮಹಡಿಯಿಂದ ಹತ್ತಿ ಬಂದರು.

"ಗಣಿತ ಆಗುತ್ತೆ ಅಂತಿದೆ, ಮೆಲಾನಿಯಾ ಜಖಾರಿವ್ನಾ. ನಿಮಗೇನಾಯ್ತು? ಮನೇಲಿ ಎಲ್ಲ ಚೆನ್ನಾಗಿದಾರೆ ತಾನೇ?"

"ಚೆನ್ನಾಗಿದಾರೆ. ಅಮೈನ್ ಚೆನ್ನಾಗಿಲ್ಲ."

"ಅಮೈನ್ ಮೇಲೆ ತಪ್ಪು ಹೊರಿಸ್ಬೇಡಿ," ಎಂದರು ಅವರು ಮೆತ್ತಗೆ, ಮಾತಾಡಲಾಗದ ಪ್ರಾಣಿಯ ಪರ ವಕಾಲತ್ತು ವಹಿಸಿದವರಂತೆ.

ಹೊಸಬರು ಫ್ಲಾಸ್ಕು ಹಿಡಿದು ಬರುವುದನ್ನು ಬಿಟ್ಟರು. ಒಬ್ಬಳಂತೂ ಮೆಲಾನಿಯಾ ಹತ್ತಿರ ಬಂದಾಗ ತನ್ನ ಹುಡ್‌ನ ಗಾಜನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡಳು. ಮೆಲಾನಿಯಾಳಿಗೆ ನೋವಾದದ್ದು ಅದರಿಂದಲೇ. ಕೈಗುಣವನ್ನು ನಂಬುವುದಿಲ್ಲ ಎಂದು ಅಷ್ಟು ವರ್ಷ ಬಾಯಲ್ಲಿ ಹೇಳಿದವಳು, ಅದು ಹೋಯಿತು ಎಂಬುದನ್ನು ಮಾತ್ರ ಸಲೀಸಾಗಿ ನಂಬಿಬಿಟ್ಟಳು. ಭಾನುವಾರ ಮಧ್ಯಾಹ್ನ ಕ್ಯಾಮೊಮೈಲ್ ಹೂ ಕುದಿಸಿದ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು.

"ಕೈಗೇನೂ ಆಗಿಲ್ಲ," ಎಂದ ಪನಾಸ್. "ಬೆಳಿಗ್ಗೆ ಮಾಡಿದ ವರೆನಿಕಿ ಕಡುಬು ಚೆನ್ನಾಗೇ ಇತ್ತಲ್ಲ."

"ನೀನು ಹಸಿ ಹಿಟ್ಟು ಕೊಟ್ರೂ ಚೆನ್ನಾಗಿದೆ ಅಂತೀಯ. ಥೇಟ್ ಆ ಪ್ರೋಗ್ರಾಮಿನ ಹಾಗೆ."

ಅವನು ಇದನ್ನು ಹೊಗಳಿಕೆ ಎಂದುಕೊಂಡು ಇನ್ನೆರಡು ತಿಂದ.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ದಿನ ಅವಳ ಫ್ಲಾಸ್ಕಿನಿಂದ ಒಂದು ವಾಸನೆ ಬಂತು. ಸುಟ್ಟ ಬೆಳ್ಳುಳ್ಳಿಗೆ ಹಳೆಯ ರಬ್ಬರ್ ಬೂಟನ್ನು ಬೆರೆಸಿದಂಥ ವಾಸನೆ. ಕಪ್ಪಿನ ಅಂಚಿನಲ್ಲಿ ಹಸಿರು. ಮೆಲಾನಿಯಾ ಕೈಯಲ್ಲಿ ಫ್ಲಾಸ್ಕು ಹಿಡಿದು ನಿಂತೇಬಿಟ್ಟಳು. ಈ ವಾಸನೆ ಅವಳಿಗೆ ಗೊತ್ತು. ಬಿಸಿನೀರಿನ ಕೊಳವೆ ಒಡೆದು ಮಹಡಿಯವರೆಲ್ಲ ಕೋಟು ಹಾಕಿಕೊಂಡು ಕೆಲಸ ಮಾಡಿದ ಆ ಚಳಿಗಾಲದಲ್ಲಿ ಇದೇ ಜೋಡಿಯನ್ನು ಮಾಡಿದ್ದಳು. ಮತ್ತೆ ಮತ್ತೆ ಮಾಡಿ, ಪ್ರತಿ ಸಲವೂ ಹಸಿರು ಡಾಂಬರನ್ನು ಕ್ಯಾನಿಗೆ ಸುರಿದಿದ್ದಳು.

ಅವಳು ಪಟ್ಟಿಯಲ್ಲಿ ಬಾಕಿ ಉಳಿದ ಜೋಡಿಗಳನ್ನು ಕೂತು ನೋಡಿದಳು. ಅರ್ಧಕ್ಕರ್ಧ ಹಳೆಯ ಪರಿಚಯದವೇ. ದಾಖಲೆಯಲ್ಲಿ ಅವುಗಳ ಎಡಬಲದ ಜೋಡಿಗಳು ಗೆದ್ದವೆಂದು ಬರೆದಿತ್ತು. ನಡುವಿನ ಜಾಗ ಖಾಲಿ ಇತ್ತು. ಇಲ್ಲಿ ಯಾರೂ ಉತ್ತಿಲ್ಲ, ಭೂಮಿ ಫಲವತ್ತಾಗಿಯೇ ಇರಬೇಕು ಎಂದು ಪ್ರೋಗ್ರಾಮು ಎಣಿಸಿತ್ತು. ಅಲ್ಲಿ ಉತ್ತವಳು ಅವಳೇ, ಹೂತವಳೂ ಅವಳೇ.

ಪ್ರಯೋಗಾಲಯದ ಬಿಳಿ ಕೋಟು ಬಿಚ್ಚದೆಯೇ ಸೆವೆರಿನ್‌ನ ಕೋಣೆಗೆ ಹೋದಳು.

"ಇದೆಲ್ಲ ಆಗಲ್ಲ ಅಂತ ನಿಮ್ಮ ಪ್ರೋಗ್ರಾಮಿಗೆ ಯಾರೂ ಹೇಳಿಲ್ವಾ?"

"ಯಾರು ಹೇಳ್ಬೇಕಿತ್ತು?"

"ಗೊತ್ತಿದ್ದವರು."

"ಯಾರಿಗೆ ಗೊತ್ತಿತ್ತು?"

ಮೆಲಾನಿಯಾ ಕುರ್ಚಿ ಎಳೆದು ಕೂತಳು. "ಟೀ ಇದೆಯಾ?" ಎಂದು ಕೇಳಿದಳು. ಸೆವೆರಿನ್ ಟೀಗೆ ನೀರಿಟ್ಟು ಪೆನ್ನು ಕೈಗೆತ್ತಿಕೊಂಡ.

ಅವತ್ತಿನಿಂದ ಮಧ್ಯಾಹ್ನದ ಟೀ ಹೊತ್ತಿಗೆ ಅವಳು ನೆನಪಿದ್ದ ಸೋಲುಗಳನ್ನು ಹೇಳುವುದು, ಅವನು ಬರೆದುಕೊಳ್ಳುವುದು ಶುರುವಾಯಿತು. ಸುದ್ದಿ ಹರಡಿ ಉಳಿದವರೂ ಬಂದರು. ತಮ್ಮ ಸೋಲನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಕೇಳುತ್ತಾರೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಎರಡೇ ದಿನದಲ್ಲಿ ಅದು ಪೈಪೋಟಿಗೆ ತಿರುಗಿತು. ಉಸ್ತಿಮ್ ಲೆವ್ಕೋವಿಚ್ ತನ್ನ ಫ್ಲಾಸ್ಕಿನ ಮುಚ್ಚಳ ಚಾವಣಿಗೆ ಹಾರಿ ಅಂಟಿಕೊಂಡ ಕಥೆ ಹೇಳಿದರೆ, ಇನ್ನೊಬ್ಬಳು ತನ್ನದು ಕಿಟಕಿಯಿಂದಾಚೆ ಹೋಯಿತು ಎಂದಳು. ನೇರಳೆ ನೊರೆ ಉಕ್ಕಿದ ಒಂದು ಹಳೆಯ ಅನಾಹುತಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು.

"ಅದು ನಂದು ಕಣ್ರೀ. ಎಂಬತ್ತು ಡಿಗ್ರಿಲಿ ಉಕ್ತು."

"ಎಂಬತ್ತಾ? ಐಸಿನಲ್ಲಿ ಇಟ್ಟಿತ್ತು. ನಾನೇ ಇಟ್ಟಿದ್ದು. ನೀವು ಆ ವರ್ಷ ಹೆರಿಗೆ ರಜದಲ್ಲಿದ್ರಿ."

ಸೆವೆರಿನ್ ಪೆನ್ನು ಕೆಳಗಿಟ್ಟ. "ಇದು ದಾಖಲೆ ಆಗ್ಲಿಲ್ಲ, ಪುರಾಣ ಆಯ್ತು. ಇವನ್ನೆಲ್ಲ ಮತ್ತೆ ಮಾಡಿ ನೋಡ್ಬೇಕು."

ಅದಕ್ಕೆ ನಿರ್ದೇಶಕರ ಒಪ್ಪಿಗೆ ಬೇಕಿತ್ತು. ಸೆವೆರಿನ್, ಮೆಲಾನಿಯಾ ಇಬ್ಬರೂ ಹೋದರು.

"ಆಗಲ್ಲ ಅಂತ ಗೊತ್ತಿರೋದನ್ನ ಮಾಡೋಕೆ ದುಡ್ಡು ಕೇಳ್ತಿದೀರಾ?"

"ಆಗುತ್ತೆ ಅಂತ ಗೊತ್ತಿರೋದಕ್ಕೆ ಆಗ್ಲೇ ಸುರೀತಿದೀವಲ್ಲ," ಎಂದಳು ಮೆಲಾನಿಯಾ. "ಅದೂ ಆಗ್ತಿಲ್ಲ."

ನಿರ್ದೇಶಕರು ಕೆಲಸವಿದೆ ಎಂಬಂತೆ ಫೋನು ಎತ್ತಿಕೊಂಡರು. ಅದು ರಿಂಗಾಗಿರಲಿಲ್ಲ.

ಶರತ್ಕಾಲದಲ್ಲಿ ಬಾಸೆಲ್ಲಿನಿಂದ ಡಾಕ್ಟರ್ ಎಶ್ಲಿಮನ್ ಎಂಬಾಕೆ ಬಂದಳು. ಅಲ್ಲಿನ ಔಷಧ ಕಂಪನಿಯೊಂದರ ಪರವಾಗಿ ಅಣುಗಳನ್ನು ಕೊಳ್ಳುವವಳು. ಕೇಳಿದ್ದರಲ್ಲಿ ಅರ್ಧವೂ ಬಾರದೆ ಹೋದದ್ದಕ್ಕೆ ಕಾರಣ ತಿಳಿಯಲು ಬಂದಿದ್ದಳು. ಬೆಳ್ಳಗಿನ ಗಿಡ್ಡ ಕೂದಲು, ನಡಿಗೆಗೆಂದೇ ಮಾಡಿಸಿದ ಬೂಟು. ನಿರ್ದೇಶಕರು ಅವಳಿಗೆ ಕೇಕು ಕೊಟ್ಟು, ಕಾಫಿ ಕೊಟ್ಟು, ಹಾಳೆಯ ಅಂಚು ಮುಟ್ಟಿದ ಆ ಗೆರೆಯನ್ನು ತೋರಿಸಿದರು. ಇಬ್ಬರ ಮಾತನ್ನೂ ಸೆವೆರಿನ್ ಅನುವಾದಿಸಿ ಹೇಳುತ್ತಿದ್ದ.

"ಚೆನ್ನಾಗಿದೆ," ಎಂದಳು ಅವಳು. "ಇದರಲ್ಲಿ ಸೋತವು ಎಲ್ಲಿವೆ?"

"ನಮ್ಮಲ್ಲಿ ಅಂಥವು ಇಲ್ಲ," ಎಂದು ನಿರ್ದೇಶಕರು ಎದೆಯ ಮೇಲೆ ಕೈಯಿಟ್ಟುಕೊಂಡರು. ಎಶ್ಲಿಮನ್ ಕೇಕಿನ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದಳು. ಆ ಸರಿಸಿದ ರೀತಿ ನೋಡಿ ನಿರ್ದೇಶಕರಿಗೆ ದಿಗಿಲಾಯಿತು. ಬತ್ತಳಿಕೆಯ ಕೊನೆಯ ಬಾಣವೆಂಬಂತೆ ಮೆಲಾನಿಯಾಳನ್ನು ಕರೆಸಿದರು. "ಇವರೇ ನಮ್ಮ ಕೈ," ಎಂದು ಪರಿಚಯ ಮಾಡಿಸಿದರು.

ಎಶ್ಲಿಮನ್ ಆ ಕೈಯನ್ನು ಕುಲುಕಿ, ಬೆರಳ ತುದಿಯ ಹಳದಿ ಕಲೆಗಳನ್ನು ನೋಡಿದಳು. ಅವಳೂ ಯೌವನದಲ್ಲಿ ಹುಡ್ ಮುಂದೆ ನಿಂತವಳೇ. "ಎಷ್ಟಕ್ಕೆ ಒಂದನ್ನು ಚೆಲ್ಲುತ್ತೀರಿ?" ಎಂದು ನೇರವಾಗಿ ಕೇಳಿದಳು.

ಮೆಲಾನಿಯಾ ನಿರ್ದೇಶಕರ ಕಡೆ ನೋಡಲಿಲ್ಲ. "ಎರಡಕ್ಕೆ ಒಂದು. ಕೆಟ್ಟ ವಾರ ಆದ್ರೆ ಇನ್ನೂ ಹೆಚ್ಚು."

ಎಶ್ಲಿಮನ್ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಕೇಕು ತಿನ್ನತೊಡಗಿದಳು. ನಡುವೆ ಅವಳು ಹೇಳಿದ್ದನ್ನು ಸೆವೆರಿನ್ ಅನುವಾದಿಸಿದ: "ಇವರ ಕಂಪನೀಲೂ ಗೆದ್ದವಷ್ಟೇ ಇವೆಯಂತೆ. ಎಲ್ಲರ ಹತ್ರಾನೂ ಗೆದ್ದವೇ ಇವೆಯಂತೆ. ಅದನ್ನಿಟ್ಕೊಂಡು ಏನೂ ಲೆಕ್ಕ ಹಾಕೋಕೆ ಆಗಲ್ಲ. ಸೋತವನ್ನ ಸರಿಯಾಗಿ ಬರೆದು ಕೊಟ್ರೆ ಕೊಂಡ್ಕೋತಾರಂತೆ. ಗೆದ್ದದ್ದಕ್ಕಿಂತ ಒಳ್ಳೇ ಬೆಲೆಗೆ."

ನಿರ್ದೇಶಕರಿಗೆ ಸಾವರಿಸಿಕೊಳ್ಳಲು ಒಂದು ಉಸಿರು ಸಾಕಾಯಿತು. "ಹೇಳಿ ಅವರಿಗೆ. ಅದಕ್ಕೆ ಅಂತಾನೇ ನಮ್ಮಲ್ಲಿ ಪ್ರತ್ಯೇಕ ವಿಭಾಗ ಇದೆ. ಮೆಲಾನಿಯಾ ಜಖಾರಿವ್ನಾ ಅದರ ಮುಖ್ಯಸ್ಥರು."

ಹೀಗೆ ಅವಳು ಮುಖ್ಯಸ್ಥೆಯಾದಳು. ಬಾಗಿಲಿಗೆ ಹಲಗೆ ಬಂತು. ಸೋಲು ಎಂಬ ಪದ ನಿರ್ದೇಶಕರ ಗಂಟಲಲ್ಲಿ ಇಳಿಯದ ಕಾರಣ 'ಅಪೂರ್ಣ ಯಶಸ್ಸುಗಳ ವಿಭಾಗ' ಎಂದು ಬರೆಸಿದರು. ಜೊತೆಗೆ ಅವರು ತಮಗೆ ಗೊತ್ತಿದ್ದ ಒಂದೇ ಮದ್ದನ್ನು ಅರೆದರು: ಇನ್ನು ಮುಂದೆ ಆಗದ ಪ್ರಯೋಗಗಳಿಗೆ ಬೋನಸ್.

ಮೂರನೇ ಮಹಡಿಯಲ್ಲಿ ಹಿಂದೆಂದೂ ಕಾಣದ ಹುರುಪು ಹುಟ್ಟಿತು. ಗೆಲ್ಲಲು ವರ್ಷಗಟ್ಟಲೆ ಒದ್ದಾಡಿದವರಿಗೆ ಸೋಲುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಒಬ್ಬರು ಆಮ್ಲ ಹಾಕಿ ಅಮೈನ್ ಹಾಕುವುದನ್ನು ಮರೆತರು. ಇನ್ನೊಬ್ಬರು ಎರಡನ್ನೂ ಹಾಕಿ ಕಲಕಲೇ ಇಲ್ಲ. ಪುಟಗಳು ರಾಶಿ ಬಿದ್ದವು. ಮೆಲಾನಿಯಾ ಓದಿ ಓದಿ ಕನ್ನಡಕ ಒರೆಸಿಕೊಂಡಳು.

ಒಂದು ಮಧ್ಯಾಹ್ನ ಅವಳು ಹೊರಗೆ ಬಂದಾಗ ಉಸ್ತಿಮ್ ಲೆವ್ಕೋವಿಚ್ ಕ್ಯಾನಿನ ಹತ್ತಿರ ಫ್ಲಾಸ್ಕು ಬಗ್ಗಿಸುತ್ತಿದ್ದ. ಒಳಗಿನಿಂದ ಜಾರುತ್ತಿದ್ದದ್ದು ಡಾಂಬರಲ್ಲ, ಹೊಸ ಹಿಮದಂಥ ಹರಳು.

"ಅದೇನದು, ಉಸ್ತಿಮ್ ಲೆವ್ಕೋವಿಚ್?"

"ಏನಿಲ್ಲ. ಆಗ್ಬಿಡ್ತು."

"ಆಗಿದ್ದನ್ನ ಯಾಕೆ ಚೆಲ್ತಿದೀರಿ?"

"ನೋಡಿ, ಆಗೋದಕ್ಕೆ ಈ ತಿಂಗಳು ಬೋನಸ್ ಇಲ್ಲ. ನಾನು ಸಾಕಷ್ಟು ಪ್ರಯತ್ನಪಟ್ಟೆ, ನಿಲ್ಲಿಸೋಕೆ ಆಗ್ಲಿಲ್ಲ." ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಕೈ ತಪ್ಪಿದ ಬಗ್ಗೆ ಸ್ವಲ್ಪ ಬೇಸರ ಇತ್ತು ಅಷ್ಟೆ.

ಅವನು ಮಾಡುತ್ತಿದ್ದದ್ದು ಅವಳದೇ ಕಸುಬು, ಒಳಗಿನದು ಹೊರಗಾದ ಕೋಟಿನಂತೆ. ಮೆಲಾನಿಯಾ ಬಗ್ಗಿದ ಫ್ಲಾಸ್ಕನ್ನು ಅವನ ಕೈಯಿಂದ ಇಸಿದುಕೊಂಡು, ಉಳಿದಿದ್ದ ಹರಳನ್ನು ಕೆರೆದು ತೆಗೆದಳು. ಆಮೇಲೆ ಅದನ್ನು ಹಿಡಿದುಕೊಂಡೇ ನಿರ್ದೇಶಕರ ಬಳಿ ಹೋದಳು.

"ಬೋನಸ್ ತೆಗೀರಿ. ಎರಡಕ್ಕೂ."

"ಹಾಗಂದ್ರೆ?"

"ಆಮ್ಲ ತೂಗೋಕೆ ಮುಂಚೇನೇ ಪುಟ ತೆರೀಬೇಕು, ಏನು ಮಾಡ್ತೀವಿ ಅಂತ ಬರೀಬೇಕು. ಆಮೇಲೆ ಆದ್ರೂ ಅದೇ ಸಂಬಳ, ಆಗದಿದ್ರೂ ಅದೇ ಸಂಬಳ."

"ಹಾಗಾದ್ರೆ ದುಡ್ಡು ಕೊಡೋದು ಯಾವುದಕ್ಕೆ?"

"ಕೆಲಸಕ್ಕೆ."

ನಿರ್ದೇಶಕರು ಕಿಟಕಿಯ ಕಡೆ ತಿರುಗಿದರು. "ಇದು ಸ್ವಲ್ಪ ಹಳೇ ಕಾಲದ ವಿಚಾರ ಆಯ್ತಲ್ಲ?"

ಒಪ್ಪುತ್ತಿರಲಿಲ್ಲವೇನೋ. ಆದರೆ ಅದೇ ವಾರ ಎಶ್ಲಿಮನ್ ಫೋನು ಮಾಡಿ, ಕಲಕದ ಫ್ಲಾಸ್ಕಿನ ಸೋಲನ್ನು ತನ್ನ ಮೊಮ್ಮಗನೂ ಮಾಡಿಕೊಡಬಲ್ಲ, ಅದಕ್ಕೆ ಕೀವ್‌ವರೆಗೆ ಬರಬೇಕಿಲ್ಲ ಎಂದಳು. ಮೆಲಾನಿಯಾಳ ನಿಯಮ ಜಾರಿಗೆ ಬಂತು. ಮೊದಮೊದಲು ಮಹಡಿ ಗೊಣಗಿತು. ಗೆಲ್ಲಲೂ ಬೇಕಿಲ್ಲ, ಸೋಲಲೂ ಬೇಕಿಲ್ಲ ಎಂದಾದಾಗ ಮಾಡಲು ಬೇರೇನೂ ತೋಚದೆ ಜನ ನಿಜವಾಗಿಯೇ ಪ್ರಯೋಗ ಮಾಡತೊಡಗಿದರು.

ಮುಂದಿನ ಬೇಸಿಗೆಯ ಹೊತ್ತಿಗೆ ಪ್ರೋಗ್ರಾಮು ಬೇಡ ಎನ್ನುವುದನ್ನು ಕಲಿಯಿತು. ನಲವತ್ತು ಕೋಟಿ ಕುಗ್ಗಿ ಕುಗ್ಗಿ ಹತ್ತು ಕೋಟಿಗೆ ಇಳಿಯಿತು. ಈ ಕುಸಿತವನ್ನು ನಿರ್ದೇಶಕರು 'ಸೋಸಿದ ಗ್ರಂಥಾಲಯ' ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರಿದರು. ಕೇಳಿದ್ದರಲ್ಲಿ ಹೆಚ್ಚಿನದು ಸಿಗುತ್ತಿದ್ದುದರಿಂದ ಗಿರಾಕಿಗಳೂ ತಕರಾರಿಲ್ಲದೆ ಕೊಂಡರು.

ಮೆಲಾನಿಯಾ ಒಂದು ದಿನ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಸೆವೆರಿನ್‌ನನ್ನು ಕೇಳಿದಳು: "ಈಗ ನನ್ನ ಹೆಸರು ಎಲ್ಲಿದೆ?"

"ನಡುವೆ. ಉಸ್ತಿಮ್ ಲೆವ್ಕೋವಿಚ್‌ಗಿಂತ ಒಂದು ಕೆಳಗಿತ್ತು. ಆಮೇಲೆ ಹೆಸರುಗಳನ್ನೇ ತೆಗೆದುಹಾಕ್ದೆ."

"ತೆಗೆದ್ರಾ? ಯಾಕೆ?"

"ಯಾರು ಮಾಡಿದ್ರೂ ಹೆಚ್ಚುಕಡಿಮೆ ಒಂದೇ ಬರುತ್ತೆ."

ಅವಳು ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ನಡುವೆ ಇದ್ದದ್ದನ್ನು ಸಹಿಸಿಕೊಳ್ಳಬಹುದಿತ್ತು; ಉಸ್ತಿಮ್‌ನ ಕೆಳಗೆ ಇದ್ದದ್ದು ಮಾತ್ರ ಎದೆಗೆ ಚುಚ್ಚಿತು. ಸೌತೆ ಕೊಯ್ಲಿನ ಸಮಯಕ್ಕೆ ಸಿಟ್ಟು ಇಳಿದು, ಉಪ್ಪಿನಲ್ಲಿ ಹಾಕಿದ ಒಂದು ಭರಣಿ ಸೌತೆಯನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಈ ಸಲದ್ದು ಸ್ವಲ್ಪ ಮೆತ್ತಗಾಗಿತ್ತು. ಅವಳು ಅದನ್ನೂ ಹೇಳಿಯೇ ಕೊಟ್ಟಳು.

ಹೊಸ ವರ್ಷದ ಔತಣದಲ್ಲಿ ನಿರ್ದೇಶಕರು ಅವಳಿಗೆ ಚಿನ್ನದ ಅಂಚಿನ ಪ್ರಶಸ್ತಿಪತ್ರ ಕೊಟ್ಟರು. ಪನಾಸ್ ಅದಕ್ಕೆ ಕಟ್ಟು ಹಾಕಿಸಿ, ಹಬ್ಬಕ್ಕೆ ಬಂದ ತನ್ನ ತಂಗಿ ಸ್ತೆಫಾನಿಯಾಳ ಮುಂದೆ ಜೋರಾಗಿ ಓದಿದ: "ಅಪೂರ್ಣ ಯಶಸ್ಸುಗಳ ಕ್ಷೇತ್ರದಲ್ಲಿ ಗಣನೀಯ ಸಾಧನೆಗಾಗಿ."

"ಅಂದ್ರೆ ಏನೋ, ಅಣ್ಣಾ?"

"ಅಂದ್ರೆ ನಿಮ್ಮತ್ತಿಗೆ ಕೆಡಿಸಿದ್ದೆಲ್ಲ ಕೆಟ್ಟಿದೆ ಅಂತ ಹೇಳಿದ್ಲು. ಅದಕ್ಕೆ ಕೊಟ್ರು."

ಸ್ತೆಫಾನಿಯಾ ಕಟ್ಟನ್ನು ಕೈಗೆ ತೆಗೆದುಕೊಂಡು ಚಿನ್ನದ ಅಂಚನ್ನು ಬೆರಳಲ್ಲಿ ಸವರಿದಳು. "ನಾನು ಎರಡು ಮದುವೆ ಮಾಡ್ಕೊಂಡೆ. ಎರಡೂ ಕೆಟ್ಟವು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಂಗೆ ಒಬ್ರೂ ಏನೂ ಕೊಡ್ಲಿಲ್ವಲ್ಲ, ಅತ್ತಿಗೆ."

ಮೆಲಾನಿಯಾ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಏಪ್ರನ್ನಿನ ತುದಿಯಿಂದ ಒರೆಸಿಕೊಂಡು, ನಾದಿನಿಯ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.